ಸಹನೆಗೊಂದು ಗಡುವಿತ್ತು

ಜಾಕಿ ರಾಬಿನ್ಸನ್‌ರ ಬದುಕನ್ನು ತೆರೆಗೆ ತಂದ ಚಿತ್ರಗಳಲ್ಲಿ ಎರಡು ಹೆಚ್ಚು ಪ್ರಸಿದ್ಧ. 1950ರ ‘ದಿ ಜಾಕಿ ರಾಬಿನ್ಸನ್ ಸ್ಟೋರಿ’ಯಲ್ಲಿ ರಾಬಿನ್ಸನ್ ತಮ್ಮ ಪಾತ್ರವನ್ನು ತಾವೇ ವಹಿಸಿದರು. 2013ರ ‘42’ರಲ್ಲಿ ಆ ಪಾತ್ರ ಚಾಡ್ವಿಕ್ ಬೋಸ್‌ಮನ್ ಎಂಬ ನಟನ ಪಾಲಿಗೆ ಬಂತು. ಎರಡರ ನಡುವೆ ಅರುವತ್ತಮೂರು ವರ್ಷಗಳ ಅಂತರ. ಈ ಅವಧಿಯಲ್ಲಿ ಅಮೆರಿಕದಲ್ಲಿ ಏನೆಲ್ಲ ನಡೆದುಹೋಯಿತು! ಪ್ರತ್ಯೇಕತೆಯ ಕಾನೂನುಗಳು ಬಿದ್ದವು. ಮಾಲ್ಕಮ್ ಎಕ್ಸ್ ಮತ್ತು ಮಾರ್ಟಿನ್ ಲೂಥರ್ ಕಿಂಗ್ ಗುಂಡಿಗೆ ಬಲಿಯಾದರು. ಕರಿಯ ಅಧ್ಯಕ್ಷರೊಬ್ಬರು ಶ್ವೇತಭವನ ಪ್ರವೇಶಿಸಿದರು. ಆದರೂ ಎರಡು ಚಿತ್ರಗಳು ಹೇಳುವ ಕಥೆ ಹೆಚ್ಚುಕಡಿಮೆ ಒಂದೇ. ಒಳ್ಳೆಯ ಮನಸ್ಸಿನ ಒಬ್ಬ ಬಿಳಿಯ ಯಜಮಾನ, ಸಹನಾಶೀಲನಾದ ಒಬ್ಬ ಕರಿಯ ಆಟಗಾರ, ಮೈದಾನದ ತುಂಬ ಬೈಗುಳ, ಕೊನೆಗೆ ಗೆಲುವು.

ಇವೆರಡರ ನಡುವೆ, 1972ರಲ್ಲಿ, ರಾಬಿನ್ಸನ್‌ರ ಆತ್ಮಕಥನ ‘ಐ ನೆವರ್ ಹ್ಯಾಡ್ ಇಟ್ ಮೇಡ್’ ಪ್ರಕಟವಾಯಿತು. ಬರವಣಿಗೆಗೆ ನೆರವಾದವರು ಆಲ್ಫ್ರೆಡ್ ಡಕೆಟ್. ಶೀರ್ಷಿಕೆಯನ್ನು ಕನ್ನಡಕ್ಕೆ ತರುವುದು ಸುಲಭವಲ್ಲ. ‘ನಾನೆಂದೂ ದಡ ಸೇರಿದವನಲ್ಲ’ ಎಂದರೆ ಅರ್ಥ ಹತ್ತಿರ ಬರಬಹುದು. ಹಣ, ಕೀರ್ತಿ, ಕಂಪೆನಿಯ ಉಪಾಧ್ಯಕ್ಷ ಹುದ್ದೆ ಎಲ್ಲವನ್ನೂ ಕಂಡ ಮನುಷ್ಯ ತನ್ನ ಬದುಕಿಗೆ ಇಂಥ ಹೆಸರಿಟ್ಟುಕೊಂಡದ್ದೇಕೆ? ಚಿತ್ರಗಳನ್ನು ನೋಡಿ ಪುಸ್ತಕಕ್ಕೆ ಬಂದವರಿಗೆ ಮೊದಲು ಎದುರಾಗುವ ಪ್ರಶ್ನೆ ಇದು. ಏಕೆಂದರೆ ಚಿತ್ರಗಳು ಮುಗಿಯುವಾಗ ಅವರು ದಡ ಸೇರಿರುತ್ತಾರೆ.

ಬೇಸ್‌ಬಾಲ್ ನಮ್ಮ ಊರಿನ ಆಟವಲ್ಲ. ಅದರ ನಿಯಮಗಳನ್ನು ಇಲ್ಲಿ ವಿವರಿಸಲು ಹೊರಟರೆ ಲೇಖನ ಅಲ್ಲೇ ಮುಗಿದೀತು. ಇಷ್ಟು ತಿಳಿದರೆ ಸಾಕು: ಅಮೆರಿಕನ್ನರು ಅದನ್ನು ತಮ್ಮ ರಾಷ್ಟ್ರೀಯ ಆಟವೆಂದು ಕರೆದುಕೊಳ್ಳುತ್ತ ಬಂದರು, ಮತ್ತು 1880ರ ದಶಕದ ನಂತರ ಅದರ ದೊಡ್ಡ ಲೀಗ್‌ಗಳಲ್ಲಿ ಒಬ್ಬನೇ ಒಬ್ಬ ಕರಿಯನಿಗೆ ಜಾಗ ಇರಲಿಲ್ಲ. ಇದನ್ನು ಯಾವ ನಿಯಮಾವಳಿಯಲ್ಲೂ ಬರೆದಿರಲಿಲ್ಲ. ಮಾಲೀಕರೆಲ್ಲರಿಗೂ ಗೊತ್ತಿತ್ತು, ಎಲ್ಲರೂ ಪಾಲಿಸುತ್ತಿದ್ದರು. ಬರೆಯದೇ ಇರುವ ನಿಯಮವನ್ನು ಮುರಿಯುವುದು ಬರೆದ ಕಾನೂನನ್ನು ಮುರಿಯುವುದಕ್ಕಿಂತ ಕಷ್ಟ. ಕರಿಯರು ತಮ್ಮದೇ ತಂಡಗಳನ್ನು, 1920ರ ನಂತರ ತಮ್ಮದೇ ಲೀಗ್‌ಗಳನ್ನು ಕಟ್ಟಿಕೊಂಡರು. 1947ರ ಏಪ್ರಿಲ್ 15ರಂದು ಬ್ರೂಕ್ಲಿನ್ ಡಾಡ್ಜರ್ಸ್ ತಂಡದ ಪರವಾಗಿ ರಾಬಿನ್ಸನ್ ಮೈದಾನಕ್ಕಿಳಿದಾಗ ಆ ಗೋಡೆ ಬಿರುಕು ಬಿಟ್ಟಿತು. ಅಂದು ಎಬೆಟ್ಸ್ ಫೀಲ್ಡ್‌ಗೆ ಬಂದಿದ್ದ 26,623 ಪ್ರೇಕ್ಷಕರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕರಿಯರೆಂದು ಅಂದಾಜು. ರಾಬಿನ್ಸನ್‌ರಿಗೆ ಆಗ ಇಪ್ಪತ್ತೆಂಟು ವರ್ಷ. ಹೊಸ ಆಟಗಾರನಿಗೆ ಅದು ಚಿಕ್ಕ ವಯಸ್ಸೇನಲ್ಲ. ದೇಹ ಅತ್ಯಂತ ಚುರುಕಾಗಿದ್ದ ಕೆಲವು ವರ್ಷಗಳನ್ನು ಬಣ್ಣ ನುಂಗಿಯಾಗಿತ್ತು.

ಅವರು ಹುಟ್ಟಿದ್ದು 1919ರ ಜನವರಿ 31ರಂದು, ಜಾರ್ಜಿಯ ರಾಜ್ಯದ ಕೈರೋ ಎಂಬ ಸಣ್ಣ ಊರಿನಲ್ಲಿ. (ಈಜಿಪ್ಟಿನ ಕೈರೋದ ಹೆಸರೇ, ಅಲ್ಲಿನವರ ಬಾಯಲ್ಲಿ ಅದು ‘ಕೇರೊ’.) ತಂದೆ ಬಿಳಿಯ ಜಮೀನ್ದಾರನ ಗೇಣಿದಾರ. ಮಗು ಆರು ತಿಂಗಳಿದ್ದಾಗ ಆತ ಮನೆ ಬಿಟ್ಟು ಹೋದ. ತಾಯಿ ಮ್ಯಾಲಿ ಐದು ಮಕ್ಕಳನ್ನು ಕಟ್ಟಿಕೊಂಡು 1920ರಲ್ಲಿ ಕ್ಯಾಲಿಫೋರ್ನಿಯದ ಪ್ಯಾಸಡೀನಕ್ಕೆ ಬಂದು ಮನೆಗೆಲಸ ಮಾಡಿ ಸಾಕಿದರು. ಅಣ್ಣ ಮ್ಯಾಕ್ 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ 200 ಮೀಟರ್ ಓಟದಲ್ಲಿ ಜೆಸ್ಸಿ ಓವೆನ್ಸ್ ಹಿಂದೆಯೇ ಬಂದು ಬೆಳ್ಳಿ ಗೆದ್ದವರು. ಹಿಟ್ಲರನೆದುರು ಅಮೆರಿಕದ ಮಾನ ಕಾಪಾಡಿದ ಆ ಓಟಗಾರ ಊರಿಗೆ ಮರಳಿ ಬೀದಿ ಗುಡಿಸುವ ಕೆಲಸ ಮಾಡಿದರು. ಒಲಿಂಪಿಕ್ ತಂಡದ ಅಂಗಿಯನ್ನೇ ತೊಟ್ಟು ಗುಡಿಸುತ್ತಿದ್ದರು. ಯಾವ ಚಿತ್ರಕಥೆಗಾರನಿಗೂ ಹೊಳೆಯದ ದೃಶ್ಯವಿದು.

ಸೈನ್ಯದ ಅಧ್ಯಾಯವೂ ಅಂಥದ್ದೇ. 1944ರ ಜುಲೈಯಲ್ಲಿ, ಲೆಫ್ಟಿನೆಂಟ್ ಆಗಿದ್ದ ರಾಬಿನ್ಸನ್, ಟೆಕ್ಸಾಸ್‌ನ ಸೇನಾ ಶಿಬಿರದ ಬಸ್ಸಿನಲ್ಲಿ ಹಿಂದಿನ ಸೀಟಿಗೆ ಹೋಗಲು ನಿರಾಕರಿಸಿದರು. ರೋಸಾ ಪಾರ್ಕ್ಸ್‌ಗಿಂತ ಹನ್ನೊಂದು ವರ್ಷ ಮೊದಲು. ಅದಕ್ಕಾಗಿ ಸೇನಾ ನ್ಯಾಯಾಲಯದ ವಿಚಾರಣೆ ಎದುರಿಸಿ, ಆಗಸ್ಟ್‌ನಲ್ಲಿ ದೋಷಮುಕ್ತರಾದರು. 1950ರ ಚಿತ್ರದಲ್ಲಿ ಈ ಘಟನೆಯೇ ಇಲ್ಲ. ‘42’ರಲ್ಲಿ ತಂಡದ ಆಡಳಿತಗಾರರ ಮಾತಿನ ನಡುವೆ ಅದು ಬಂದುಹೋಗುತ್ತದೆ. ಹೀಗೆ ಮಾಡಿದ್ದರಿಂದ ಆದ ನಷ್ಟವೇನು? ರಾಬಿನ್ಸನ್ ಸ್ವಭಾವತಃ ಸಾಧು ಎಂಬ ಭಾವನೆ ಪ್ರೇಕ್ಷಕನಲ್ಲಿ ಬೇರೂರುತ್ತದೆ. ವಸ್ತುತಃ ಅವರು ಮುಂಗೋಪಿ, ತಿರುಗಿ ಬೀಳುವ ಮನುಷ್ಯ. ಅಂಥವರು ಮೂರು ವರ್ಷ ಬಾಯಿ ಮುಚ್ಚಿಕೊಂಡದ್ದು ಸ್ವಭಾವದಿಂದಲ್ಲ, ಕರಾರಿನಿಂದ.

ಆ ಕರಾರು ನಡೆದದ್ದು 1945ರ ಆಗಸ್ಟ್ 28ರಂದು, ಡಾಡ್ಜರ್ಸ್ ಅಧ್ಯಕ್ಷ ಬ್ರಾಂಚ್ ರಿಕಿಯ ಕಚೇರಿಯಲ್ಲಿ. ಎರಡೂ ಚಿತ್ರಗಳ ತಿರುವು ಇದೇ. ರಿಕಿ ಮಹಾ ದೈವಭಕ್ತ, ಭಾನುವಾರ ಮೈದಾನಕ್ಕೆ ಕಾಲಿಡದ ಮೆಥಡಿಸ್ಟ್ ಕ್ರೈಸ್ತ. ಆತ ರಾಬಿನ್ಸನ್‌ರ ಎದುರು ನಿಂತು, ಬಿಳಿಯರು ಆಡಬಹುದಾದ ಬೈಗುಳಗಳನ್ನೆಲ್ಲ ತಾನೇ ಆಡಿ ತೋರಿಸಿದ. ಹೊಡೆದರೆ ತಿರುಗಿ ಹೊಡೆಯದಿರುವ ಧೈರ್ಯ ಇದೆಯೇ ಎಂದು ಕೇಳಿದ. ಇನ್ನೊಂದು ಕೆನ್ನೆ ತೋರಿಸುವ ಕ್ರಿಸ್ತನ ಬೋಧನೆಯನ್ನು ಇಟಲಿಯ ಲೇಖಕ ಪಪೀನಿಯ ಪುಸ್ತಕದಿಂದ ಓದಿಸಿದ. ರಾಬಿನ್ಸನ್ ಒಪ್ಪಿದರು. ಮೂರು ವರ್ಷ ಯಾರೇನೆಂದರೂ ಉತ್ತರಿಸುವುದಿಲ್ಲ ಎಂದು ಮಾತು ಕೊಟ್ಟರು.

‘42’ರಲ್ಲಿ ರಿಕಿಯಾಗಿ ಹ್ಯಾರಿಸನ್ ಫೋರ್ಡ್ ಇದ್ದಾರೆ. ದಪ್ಪ ಹುಬ್ಬು, ಬಾಯಲ್ಲಿ ಚುಟ್ಟಾ, ಗೊಗ್ಗರು ದನಿ. ನಟನೆ ಸೊಗಸಾಗಿದೆ. ಸಮಸ್ಯೆ ಏನೆಂದರೆ ಚಿತ್ರದ ತೂಕವೆಲ್ಲ ಆ ಕಡೆ ವಾಲುತ್ತದೆ. ನಿರ್ಧಾರ ಅವನದು, ಉಪದೇಶ ಅವನದು, ಸಾಂತ್ವನವೂ ಅವನದೇ. ಬಾಗಿಲು ತೆರೆದದ್ದು ಒಬ್ಬ ಮಾಲೀಕನ ಆತ್ಮಸಾಕ್ಷಿ ಎಂದು ಚಿತ್ರ ನಂಬಿಸುತ್ತದೆ. ಆದರೆ ಆ ಬಾಗಿಲನ್ನು ಹತ್ತಾರು ವರ್ಷ ಹೊರಗಿನಿಂದ ಬಡಿದವರು ಬೇರೆ ಇದ್ದರು. ಕರಿಯರ ಪತ್ರಿಕೆಗಳು ಈ ಬಗ್ಗೆ ನಿರಂತರವಾಗಿ ಬರೆದವು. ಕಮ್ಯುನಿಸ್ಟ್ ಪತ್ರಿಕೆ ‘ಡೈಲಿ ವರ್ಕರ್’ನ ಕ್ರೀಡಾ ಸಂಪಾದಕ ಲೆಸ್ಟರ್ ರಾಡ್ನಿ 1936ರಿಂದಲೇ ಅಭಿಯಾನ ನಡೆಸಿದ್ದರು. ನ್ಯೂಯಾರ್ಕ್ ರಾಜ್ಯ 1945ರಲ್ಲಿ ಉದ್ಯೋಗದಲ್ಲಿನ ತಾರತಮ್ಯವನ್ನು ನಿಷೇಧಿಸುವ ಕಾಯ್ದೆ ತಂದಿತ್ತು. ಕರಿಯ ಪ್ರೇಕ್ಷಕರ ಟಿಕೆಟಿನ ಹಣದ ಲೆಕ್ಕವೂ ರಿಕಿಗೆ ಗೊತ್ತಿತ್ತು. ಪತ್ರಕರ್ತ ವೆಂಡೆಲ್ ಸ್ಮಿತ್ ಮಾತ್ರ ‘42’ರಲ್ಲಿ ಕಾಣುತ್ತಾರೆ. ಬಿಳಿಯ ಪತ್ರಕರ್ತರ ಕೋಣೆಗೆ ಪ್ರವೇಶವಿಲ್ಲದೆ ಗ್ಯಾಲರಿಯಲ್ಲಿ ತೊಡೆಯ ಮೇಲೆ ಟೈಪ್‌ರೈಟರ್ ಇಟ್ಟುಕೊಂಡು ಬರೆಯುವ ಆ ದೃಶ್ಯ ಚಿತ್ರದ ಒಳ್ಳೆಯ ದೃಶ್ಯಗಳಲ್ಲೊಂದು.

ರಿಕಿಯ ಮತ್ತೊಂದು ಮುಖವೂ ಇದೆ. ರಾಬಿನ್ಸನ್ ಆಗ ಆಡುತ್ತಿದ್ದುದು ಕರಿಯರ ಲೀಗ್‌ನ ಕ್ಯಾನ್ಸಸ್ ಸಿಟಿ ಮೊನಾರ್ಕ್ಸ್ ತಂಡಕ್ಕೆ. ಆ ತಂಡಕ್ಕೆ ರಿಕಿ ಒಂದು ಡಾಲರ್ ಪರಿಹಾರವನ್ನೂ ಕೊಡಲಿಲ್ಲ. ಪ್ರತಿಭಾವಂತರು ಒಬ್ಬೊಬ್ಬರಾಗಿ ಹೊರಟುಹೋದಂತೆ ಕರಿಯರ ಲೀಗ್‌ಗಳು ಕೆಲವೇ ವರ್ಷಗಳಲ್ಲಿ ಸೊರಗಿದವು. ಅವುಗಳ ಜತೆ ಕರಿಯ ಮಾಲೀಕರು, ಮ್ಯಾನೇಜರುಗಳು, ತರಬೇತುದಾರರು ಕೂಡ ಅಳಿದರು. ಬಿಳಿಯರ ತಂಡಗಳಿಗೆ ಬೇಕಿದ್ದುದು ಆಟಗಾರರು ಮಾತ್ರ. ರಾಬಿನ್ಸನ್ ಸ್ವತಃ ಈ ವಿಷಯದಲ್ಲಿ ನಿಷ್ಠುರರಾಗಿದ್ದರು. 1948ರಲ್ಲಿ ‘ಎಬನಿ’ ಪತ್ರಿಕೆಯಲ್ಲಿ ಕರಿಯರ ಲೀಗ್‌ಗಳ ಅವ್ಯವಸ್ಥೆಯನ್ನು ಕಟುವಾಗಿ ಟೀಕಿಸಿ ಲೇಖನ ಬರೆದರು. ಹೊಸ ಮನೆಯ ಹೊಸ್ತಿಲಲ್ಲಿ ನಿಂತು ಹಳೆ ಮನೆಯ ಸೋರುವ ಮಾಡನ್ನು ಹಂಗಿಸಿದಂತೆ ಅದು ಅನೇಕರಿಗೆ ಕಂಡಿತು. ಇದು ಪುಸ್ತಕದಲ್ಲೂ ಸರಿಯಾದ ಚರ್ಚೆಗೆ ಬರುವುದಿಲ್ಲ. ರಿಕಿಯ ಬಗ್ಗೆ ಬರೆಯುವಾಗಲಂತೂ ರಾಬಿನ್ಸನ್‌ರ ಲೇಖನಿ ಮಗನ ಲೇಖನಿಯಾಗಿಬಿಡುತ್ತದೆ. ತಂದೆಯಿಲ್ಲದೆ ಬೆಳೆದವರ ಆ ಕೃತಜ್ಞತೆ ಅರ್ಥವಾಗುವಂಥದ್ದೇ. ಆದರೂ ಓದುಗನಿಗೆ ಬೇಕಾದ ಕೆಲವು ಪ್ರಶ್ನೆಗಳು ಅಲ್ಲಿ ಹಾಗೇ ಉಳಿದಿವೆ.

ಇನ್ನು ಆ ಮೌನದ ವರ್ಷಗಳು. 1947ರ ಏಪ್ರಿಲ್‌ನಲ್ಲಿ ಫಿಲಡೆಲ್ಫಿಯ ತಂಡದ ಮ್ಯಾನೇಜರ್ ಬೆನ್ ಚಾಪ್‌ಮನ್ ತನ್ನ ಆಟಗಾರರೊಂದಿಗೆ ಸೇರಿ ರಾಬಿನ್ಸನ್‌ರನ್ನು ಹೀನಾಯವಾಗಿ ಬೈದ. ‘42’ರಲ್ಲಿ ಈ ದೃಶ್ಯ ದೀರ್ಘವಾಗಿದೆ, ನೋಡುವುದು ಕಷ್ಟ. ಬೈಗುಳಗಳ ನಂತರ ರಾಬಿನ್ಸನ್ ಮೈದಾನದ ಹಿಂದಿನ ಕತ್ತಲ ಓಣಿಗೆ ಹೋಗಿ, ಬ್ಯಾಟನ್ನು ಗೋಡೆಗೆ ಬಡಿದು ಮುರಿದು, ಕೂಗಿ ಅಳುತ್ತಾರೆ. ಆಗ ರಿಕಿ ಬಂದು ಸಮಾಧಾನಿಸುತ್ತಾನೆ. ಇದು ಕಲ್ಪಿತ ದೃಶ್ಯ. ಪುಸ್ತಕದಲ್ಲಿ ಇರುವುದು ಇದಕ್ಕಿಂತ ಹೆಚ್ಚು ಭಯ ಹುಟ್ಟಿಸುವಂಥದ್ದು. ಅಂದು ಒಂದು ಕ್ಷಣ ಎಲ್ಲವನ್ನೂ ಬಿಟ್ಟು ಅವರ ಕಡೆ ನಡೆದು, ಒಬ್ಬನ ಹಲ್ಲು ಮುರಿದು, ಹಾಗೆಯೇ ಹೊರಟುಹೋಗಲೇ ಎಂದು ತಮಗೆ ಅನಿಸಿತ್ತೆಂದು ಅವರು ಬರೆಯುತ್ತಾರೆ. ಹೊರಗೆ ಏನೂ ಕಾಣಲಿಲ್ಲ. ಆಟ ಮುಂದುವರಿಯಿತು. ಚಿತ್ರ ಆ ಒಳಗಿನ ಬೆಂಕಿಯನ್ನು ಕಣ್ಣೀರಾಗಿ ಕರಗಿಸಿದೆ. ಕಣ್ಣೀರಿಗೆ ಸಾಂತ್ವನ ಹೇಳಬಹುದು, ಬೆಂಕಿಗೆ ಹೇಳಲಾಗದು. ಕೆಲವು ದಿನಗಳ ಬಳಿಕ ಅದೇ ಚಾಪ್‌ಮನ್‌ನ ಜೊತೆ ನಿಂತು ಫೋಟೋ ತೆಗೆಸಿಕೊಳ್ಳುವಂತೆ ಹೇಳಲಾಯಿತು. ರಾಬಿನ್ಸನ್ ನಿಂತರು. ತಮ್ಮ ಬದುಕಿನಲ್ಲಿ ಮಾಡಬೇಕಾಗಿ ಬಂದ ಅತ್ಯಂತ ಕಷ್ಟದ ಕೆಲಸಗಳಲ್ಲಿ ಅದೂ ಒಂದೆಂದು ಬರೆದಿದ್ದಾರೆ.

ಮತ್ತೊಂದು ಪ್ರಸಿದ್ಧ ದೃಶ್ಯ ಪೀ ವೀ ರೀಸ್‌ರದು. ಕೆಂಟಕಿಯ ಬಿಳಿಯ ಆಟಗಾರ ರೀಸ್, ಸಿನ್ಸಿನಾಟಿಯಲ್ಲಿ ಪ್ರೇಕ್ಷಕರು ಕೂಗಾಡುತ್ತಿದ್ದಾಗ ಎಲ್ಲರೆದುರೇ ರಾಬಿನ್ಸನ್‌ರ ಹೆಗಲ ಮೇಲೆ ಕೈಯಿಟ್ಟರು ಎಂಬ ಕಥೆ. ಬ್ರೂಕ್ಲಿನ್‌ನಲ್ಲಿ 2005ರಲ್ಲಿ ಇದರ ಪ್ರತಿಮೆಯನ್ನೂ ನಿಲ್ಲಿಸಲಾಯಿತು. ಆದರೆ 1947ರ ಪತ್ರಿಕೆಗಳಲ್ಲಿ, ಕರಿಯರ ಪತ್ರಿಕೆಗಳಲ್ಲೂ, ಇಂಥ ಘಟನೆಯ ಸುದ್ದಿ ಇಲ್ಲವೆಂದು ಕೆನ್ ಬರ್ನ್ಸ್ 2016ರ ತಮ್ಮ ಸಾಕ್ಷ್ಯಚಿತ್ರದಲ್ಲಿ ತೋರಿಸಿದರು. ಆತ್ಮಕಥನದಲ್ಲಿ ರಾಬಿನ್ಸನ್ ಅದು ಬಾಸ್ಟನ್‌ನಲ್ಲಿ ನಡೆದದ್ದೆನ್ನುತ್ತಾರೆ. ರೀಸ್ ಸಜ್ಜನರು ಎಂಬುದರಲ್ಲಿ ಅನುಮಾನವಿಲ್ಲ. 1972ರಲ್ಲಿ ಗೆಳೆಯನ ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಅವರೂ ಒಬ್ಬರು. ಪ್ರಶ್ನೆ ಇರುವುದು ರೀಸ್‌ರ ಬಗ್ಗೆ ಅಲ್ಲ, ಆ ದೃಶ್ಯದ ಅಗತ್ಯದ ಬಗ್ಗೆ. ಗ್ಯಾಲರಿಯಲ್ಲಿ ಕೂಗಿದ ಸಾವಿರಾರು ಮಂದಿಯ ಮಕ್ಕಳು ಮೊಮ್ಮಕ್ಕಳು ಇಂದು ಚಿತ್ರ ನೋಡುವಾಗ, ಕೂಗಿದವರಲ್ಲಿ ತಮ್ಮ ಅಜ್ಜನನ್ನು ಹುಡುಕುವುದಿಲ್ಲ. ಎಲ್ಲರೂ ರೀಸ್‌ರ ವಂಶದವರಾಗುತ್ತಾರೆ.

1949ಕ್ಕೆ ಕರಾರಿನ ಗಡುವು ಮುಗಿಯಿತು. ರಿಕಿ ಅವರನ್ನು ಮಾತಿನಿಂದ ಬಿಡುಗಡೆ ಮಾಡಿದ. ರಾಬಿನ್ಸನ್ ಅಂಪೈರ್‌ಗಳೊಂದಿಗೆ ವಾದಿಸತೊಡಗಿದರು, ಬೈದವನಿಗೆ ಬೈದರು, ತಡೆದವನಿಗೆ ಡಿಕ್ಕಿ ಕೊಟ್ಟರು. ಅವರ ಆಟಕ್ಕೆ ಏನಾಯಿತು? ಆ ವರ್ಷ ಅವರ ಬ್ಯಾಟಿಂಗ್ ಸರಾಸರಿ .342, ಇಡೀ ನ್ಯಾಷನಲ್ ಲೀಗ್‌ನಲ್ಲಿ ಅತಿ ಹೆಚ್ಚು. ಕದ್ದ ಬೇಸ್‌ಗಳು 37. ಎಸೆತಗಾರ ಚೆಂಡು ಕೈಯಲ್ಲಿ ಹಿಡಿದಿರುವಾಗಲೇ ಅವನ ಕಣ್ಣು ತಪ್ಪಿಸಿ ಮುಂದಿನ ಗುರುತಿಗೆ ಓಡಿ ಸೇರುವುದಕ್ಕೆ ಬೇಸ್ ಕದಿಯುವುದು ಎನ್ನುತ್ತಾರೆ. ಅದಕ್ಕೆ ವೇಗಕ್ಕಿಂತ ಹೆಚ್ಚಾಗಿ ಬೇಕಾದುದು ದಿಟ್ಟತನ. ಲೀಗ್‌ನ ಅತ್ಯಂತ ಮೌಲ್ಯಯುತ ಆಟಗಾರ ಪ್ರಶಸ್ತಿಯೂ ಆ ವರ್ಷ ಅವರಿಗೇ ಬಂತು. ಅಂದರೆ ಬಾಯಿ ಬಿಟ್ಟ ವರ್ಷವೇ ಅವರ ಅತ್ಯುತ್ತಮ ವರ್ಷ. ಎರಡು ಚಿತ್ರಗಳಲ್ಲೂ ಇದರ ಸುಳಿವಿಲ್ಲ. ‘42’ 1947ರ ಋತುವಿನೊಂದಿಗೇ ಮುಗಿಯುತ್ತದೆ. ಕ್ರೀಡಾ ಪತ್ರಕರ್ತರ ಧಾಟಿಯೂ ಬದಲಾಯಿತು. ನಿನ್ನೆ ವಿನಯಶೀಲ ಎನಿಸಿದ್ದವರು ಇಂದು ಅಹಂಕಾರಿ, ಕೃತಘ್ನ ಎನಿಸಿದರು. ಅವರು ಬದಲಾಗಿರಲಿಲ್ಲ. ಅವಧಿ ಮುಗಿದಿತ್ತು, ಅಷ್ಟೆ.

ಅದೇ 1949ರ ಜುಲೈ 18ರಂದು ನಡೆದ ಘಟನೆ ಅವರ ಬದುಕಿನ ಅತ್ಯಂತ ಸಂಕಟದ ಪುಟ. ಪಾಲ್ ರೋಬ್ಸನ್ ಹೆಸರು ಕೇಳದವರು ಕಡಿಮೆ. ಗಾಯಕ, ನಟ, ಕಾಲೇಜು ದಿನಗಳಲ್ಲಿ ಹೆಸರಾಂತ ಫುಟ್‌ಬಾಲ್ ಆಟಗಾರ, ವಸಾಹತುಶಾಹಿಯ ವಿರೋಧಿ. 1958ರಲ್ಲಿ ಅವರ ಅರುವತ್ತನೇ ಹುಟ್ಟುಹಬ್ಬವನ್ನು ಭಾರತದಲ್ಲೂ ಆಚರಿಸಲಾಗಿತ್ತು, ನೆಹರೂ ಸಂದೇಶ ನೀಡಿದ್ದರು. ಈ ರೋಬ್ಸನ್ 1949ರ ಏಪ್ರಿಲ್‌ನಲ್ಲಿ ಪ್ಯಾರಿಸ್‌ನ ಶಾಂತಿ ಸಮ್ಮೇಳನದಲ್ಲಿ ಮಾತನಾಡಿದರು. ತಮ್ಮನ್ನು ತುಳಿದವರ ಪರವಾಗಿ ಸೋವಿಯತ್ ಒಕ್ಕೂಟದ ವಿರುದ್ಧ ಅಮೆರಿಕದ ಕರಿಯರು ಯುದ್ಧಕ್ಕೆ ಹೋಗುವುದು ಊಹಿಸಲಾಗದ ಸಂಗತಿ ಎಂದು ಅವರು ಹೇಳಿದರೆಂದು ಸುದ್ದಿಸಂಸ್ಥೆ ವರದಿ ಮಾಡಿತು. ವರದಿ ಅವರ ಮಾತನ್ನು ತಿರುಚಿತ್ತು ಎಂಬುದು ನಂತರ ಬೆಳಕಿಗೆ ಬಂತು. ಆದರೆ ಅಷ್ಟರಲ್ಲಿ ಕಿಡಿ ಹತ್ತಿಯಾಗಿತ್ತು. ಸಂಸತ್ತಿನ ‘ಅಮೆರಿಕ ವಿರೋಧಿ ಚಟುವಟಿಕೆಗಳ ಸಮಿತಿ’ ಕರಿಯರ ನಿಷ್ಠೆಯ ಬಗ್ಗೆ ವಿಚಾರಣೆ ಆರಂಭಿಸಿತು. ಸಾಕ್ಷಿ ಹೇಳಲು ರಾಬಿನ್ಸನ್‌ರನ್ನು ಕರೆಯಿತು.

ನೀನು ಯಾರ ಕಡೆ? ಅಲ್ಪಸಂಖ್ಯಾತನಿಗೆ ಮಾತ್ರ ಕೇಳಲಾಗುವ ಈ ಪ್ರಶ್ನೆಯ ಪರಿಚಯ ನಮ್ಮ ಓದುಗರಿಗೆ ಬೇಕಾಗಿಲ್ಲ. ಹೋಗದಿದ್ದರೆ ದೇಶದ್ರೋಹಿ, ಹೋದರೆ ತನ್ನವರ ದ್ರೋಹಿ. ರಾಬಿನ್ಸನ್ ಹೋದರು. ರಿಕಿಯ ಒತ್ತಾಯವೂ ಇತ್ತು. ಹೇಳಿಕೆ ಸಿದ್ಧಪಡಿಸಲು ಅರ್ಬನ್ ಲೀಗ್‌ನ ಲೆಸ್ಟರ್ ಗ್ರ್ಯಾಂಜರ್ ನೆರವಾದರು. ಹೇಳಿಕೆಯಲ್ಲಿ ಎರಡು ಭಾಗ. ಒಂದರಲ್ಲಿ ಪ್ರತ್ಯೇಕತೆ, ಹಲ್ಲೆ, ಪೊಲೀಸ್ ದೌರ್ಜನ್ಯಗಳ ವಿರುದ್ಧ ಸ್ಪಷ್ಟ ಮಾತು. ಕಮ್ಯುನಿಸ್ಟರು ಹೇಳಿದರು ಎಂಬ ಕಾರಣಕ್ಕೆ ಅನ್ಯಾಯ ಸುಳ್ಳಾಗುವುದಿಲ್ಲ ಎಂಬ ವಾದ. ಇನ್ನೊಂದರಲ್ಲಿ, ರೋಬ್ಸನ್ ನಿಜಕ್ಕೂ ಹಾಗೆ ಹೇಳಿದ್ದರೆ ಅದು ಹುಚ್ಚು ಮಾತು ಎಂಬ ಅಭಿಪ್ರಾಯ. ಪತ್ರಿಕೆಗಳು ಎರಡನೆಯದನ್ನು ಎತ್ತಿ ಹಿಡಿದು ಸಂಭ್ರಮಿಸಿದವು. ಮೊದಲನೆಯದು ಮರೆಯಾಯಿತು. ರೋಬ್ಸನ್ ರಾಬಿನ್ಸನ್‌ರ ಜೊತೆ ಜಗಳಕ್ಕಿಳಿಯಲು ಒಪ್ಪಲಿಲ್ಲ. ಮರುವರ್ಷ ಅವರ ಪಾಸ್‌ಪೋರ್ಟ್ ಕಿತ್ತುಕೊಳ್ಳಲಾಯಿತು. ಅದು ಅವರಿಗೆ ಮರಳಿ ಸಿಕ್ಕಿದ್ದು 1958ರಲ್ಲಿ.

ಇಲ್ಲಿ ಒಂದು ಸಂಗತಿಯನ್ನು ನೆನಪಿಡಬೇಕು. 1943ರ ಡಿಸೆಂಬರ್‌ನಲ್ಲಿ ಬೇಸ್‌ಬಾಲ್ ಮಾಲೀಕರ ಸಭೆಗೆ ಹೋಗಿ, ಕರಿಯ ಆಟಗಾರರನ್ನು ಸೇರಿಸಿಕೊಳ್ಳಿ ಎಂದು ವಾದಿಸಿದವರಲ್ಲಿ ಮುಖ್ಯರು ಇದೇ ರೋಬ್ಸನ್. ತನಗಾಗಿ ಬಾಗಿಲು ಬಡಿದ ವ್ಯಕ್ತಿಯ ವಿರುದ್ಧ ರಾಬಿನ್ಸನ್ ಸಾಕ್ಷಿ ನುಡಿಯುವಂತಾಯಿತು.

1950ರ ಚಿತ್ರ ಮುಗಿಯುವುದೇ ಈ ಸಾಕ್ಷ್ಯದಿಂದ. ಆದರೆ ರೋಬ್ಸನ್‌ರ ಹೆಸರೇ ಅಲ್ಲಿಲ್ಲ. ರಾಬಿನ್ಸನ್ ವಾಷಿಂಗ್ಟನ್‌ಗೆ ಹೋಗಿ ಪ್ರಜಾಪ್ರಭುತ್ವದ ಬಗ್ಗೆ ಒಳ್ಳೆಯ ಮಾತಾಡಿದರು ಎಂದಷ್ಟೇ ಪ್ರೇಕ್ಷಕನಿಗೆ ತಿಳಿಯುತ್ತದೆ. ಏಕೆ ಹೋದರು, ಯಾರ ವಿರುದ್ಧ ಹೋದರು ಎಂಬುದು ತಿಳಿಯುವುದಿಲ್ಲ. ಆಲ್ಫ್ರೆಡ್ ಗ್ರೀನ್ ನಿರ್ದೇಶನದ ಈ ಚಿತ್ರ ಕಲೆಯಾಗಿ ಸಾಧಾರಣ, ಅವಸರದಲ್ಲಿ ಮಾಡಿದ್ದು. ರಾಬಿನ್ಸನ್ ನಟರಲ್ಲ. ಮಾತು ಒಪ್ಪಿಸುತ್ತಾರೆ, ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ನಿಲ್ಲುತ್ತಾರೆ. ಆದರೂ ನನಗೆ ‘42’ರ ನುರಿತ ನಟನೆಗಿಂತ ಈ ಬಿಗುವೇ ಹೆಚ್ಚು ಕಾಡಿತು. ಚಿತ್ರೀಕರಣ ನಡೆದಾಗ ಅವರು ಮೌನದ ಕರಾರಿನಿಂದ ಆಗಲೇ ಬಿಡುಗಡೆಯಾಗಿದ್ದರು. ಬಿಡುಗಡೆಯಾದವರನ್ನು ಕರೆದು, ಕ್ಯಾಮೆರಾದ ಮುಂದೆ ಮತ್ತೊಮ್ಮೆ ತಲೆತಗ್ಗಿಸಿ ತೋರಿಸಿ ಎಂದಂತಾಗಿದೆ. ಆ ಮುಖದಲ್ಲಿ ಚಿತ್ರಕಥೆಯಲ್ಲಿಲ್ಲದ ಏನೋ ಇದೆ.

ಪುಸ್ತಕದಲ್ಲಿ ರಾಬಿನ್ಸನ್ ಈ ಪ್ರಕರಣಕ್ಕೆ ಮರಳುತ್ತಾರೆ. ಅಂದು ಹೇಳಿದ್ದನ್ನು ಪೂರ್ತಿ ಅಲ್ಲಗಳೆಯುವುದಿಲ್ಲ, ಆದರೆ ಈಗ ಅಂಥ ಆಹ್ವಾನ ಬಂದರೆ ತಿರಸ್ಕರಿಸುತ್ತಿದ್ದೆ ಎನ್ನುತ್ತಾರೆ. ತನ್ನ ನಂಬಿಕೆಗಾಗಿ ಇಪ್ಪತ್ತು ವರ್ಷ ಎಲ್ಲವನ್ನೂ ತೆತ್ತ ರೋಬ್ಸನ್‌ರ ಬಗ್ಗೆ ತನ್ನ ಗೌರವ ಹೆಚ್ಚಿದೆ ಎಂದು ಬರೆಯುತ್ತಾರೆ. ಪ್ರಸಿದ್ಧರ ಆತ್ಮಕಥನಗಳಲ್ಲಿ ಇಷ್ಟು ನೇರವಾದ ಮರುಚಿಂತನೆ ವಿರಳ. ರಾಬಿನ್ಸನ್ ತಮ್ಮ ಕಥೆಯನ್ನು ಹಲವು ಸಲ ಹೇಳಿದವರು. 1948ರಲ್ಲಿ ವೆಂಡೆಲ್ ಸ್ಮಿತ್ ಜತೆ ಒಂದು ಪುಸ್ತಕ, 1960ರಲ್ಲಿ ಕಾರ್ಲ್ ರೋವನ್ ಬರೆದ ಇನ್ನೊಂದು, ನಡುವೆ ಚಿತ್ರ. ಆದರೆ ಯಾರನ್ನೂ ಮೆಚ್ಚಿಸುವ ಹಂಗಿಲ್ಲದೆ ಹೇಳಿದ್ದು 1972ರಲ್ಲೇ ಇರಬೇಕು.

ಹಾಗಂತ ಈ ಪುಸ್ತಕ ಲೋಪವಿಲ್ಲದ್ದಲ್ಲ. ನಡುವಿನ ಅಧ್ಯಾಯಗಳು ಎಳೆದಾಡುತ್ತವೆ. ನಿವೃತ್ತಿಯ ನಂತರ ಅವರು ರಾಜಕೀಯದಲ್ಲಿ ಹಿಡಿದ ದಾರಿ ವಿಚಿತ್ರವಾದುದು. 1960ರಲ್ಲಿ ಕೆನಡಿಯ ವಿರುದ್ಧ ನಿಕ್ಸನ್‌ರನ್ನು ಬೆಂಬಲಿಸಿದರು. ಆ ಅಕ್ಟೋಬರ್‌ನಲ್ಲಿ ಜಾರ್ಜಿಯದಲ್ಲಿ ಕಿಂಗ್ ಜೈಲಿಗೆ ಹೋದಾಗ ಏನಾದರೂ ಮಾತಾಡಿ ಎಂದು ರಾಬಿನ್ಸನ್ ಕೇಳಿಕೊಂಡರೂ ನಿಕ್ಸನ್ ಸುಮ್ಮನಿದ್ದರು. ಕೆನಡಿ ಕಿಂಗ್‌ರ ಪತ್ನಿಗೆ ಫೋನ್ ಮಾಡಿದರು. ರಾಬಿನ್ಸನ್ ಆಗಲೂ ನಿಕ್ಸನ್‌ರನ್ನು ಬಿಡಲಿಲ್ಲ. 1964ರ ರಿಪಬ್ಲಿಕನ್ ಸಮಾವೇಶದಲ್ಲಿ ಗೋಲ್ಡ್‌ವಾಟರ್ ಬೆಂಬಲಿಗರ ನಡುವೆ ನಿಂತಾಗ ಮಾತ್ರ, ಹಿಟ್ಲರನ ಜರ್ಮನಿಯಲ್ಲಿ ಯಹೂದಿಗೆ ಹೇಗನಿಸಿರಬಹುದೆಂದು ತಿಳಿಯಿತು ಎನ್ನುತ್ತಾರೆ. ಈ ಪುಟಗಳಲ್ಲಿ ಸಮರ್ಥನೆ ಹೆಚ್ಚು, ಆತ್ಮಪರೀಕ್ಷೆ ಕಡಿಮೆ. ಕರಿಯರಿಗೆ ಬಂಡವಾಳ ಬೇಕೆಂದು 1964ರಲ್ಲಿ ಹಾರ್ಲೆಮ್‌ನಲ್ಲಿ ಸ್ಥಾಪಿಸಿದ ಫ್ರೀಡಂ ನ್ಯಾಷನಲ್ ಬ್ಯಾಂಕ್‌ನ ಒಳಜಗಳಗಳೂ ಹಾಗೆಯೇ. ಆ ಬ್ಯಾಂಕ್ 1990ರಲ್ಲಿ ಮುಚ್ಚಿತು.

ಮಾಲ್ಕಮ್ ಎಕ್ಸ್ ಜೊತೆಗಿನ ಜಗಳ ಮಾತ್ರ ಇಂದಿಗೂ ಓದಲು ತಕ್ಕದ್ದು. 1963ರ ನವೆಂಬರ್‌ನಲ್ಲಿ ಹಾರ್ಲೆಮ್‌ನ ‘ಆಮ್‌ಸ್ಟರ್‌ಡ್ಯಾಂ ನ್ಯೂಸ್’ನಲ್ಲಿ ಇಬ್ಬರ ಬಹಿರಂಗ ಪತ್ರಗಳು ಪ್ರಕಟವಾದವು. ಬಿಳಿಯ ಯಜಮಾನರನ್ನು ಒಬ್ಬರಾದ ಮೇಲೆ ಒಬ್ಬರಂತೆ ಸೇವಿಸುತ್ತ ಬಂದಿದ್ದೀರಿ ಎಂದು ಮಾಲ್ಕಮ್ ಚುಚ್ಚಿದರು. ರಿಕಿಯಿಂದ ಹಿಡಿದು ರಾಕ್‌ಫೆಲ್ಲರ್‌ವರೆಗೆ ಪಟ್ಟಿ ಕೊಟ್ಟರು. ರೋಬ್ಸನ್ ವಿರುದ್ಧದ ಸಾಕ್ಷ್ಯವನ್ನೂ ನೆನಪಿಸಿದರು. ರಾಬಿನ್ಸನ್ ಅಷ್ಟೇ ಖಾರವಾಗಿ ತಿರುಗೇಟು ಕೊಟ್ಟರು. ಮಾಲ್ಕಮ್‌ರ ಪ್ರಹಾರ ನಿಖರವಾಗಿತ್ತು, ಆದರೆ ಪೂರ್ತಿ ನ್ಯಾಯವಾಗಿರಲಿಲ್ಲ. ದಕ್ಷಿಣದ ಊರೂರಿಗೆ ಹೋಗಿ ಚಳವಳಿಗೆ ಹಣ ಕೂಡಿಸಿದ, ಸುಟ್ಟುಹೋದ ಚರ್ಚುಗಳನ್ನು ಮತ್ತೆ ಕಟ್ಟಿಸಲು ಓಡಾಡಿದ ರಾಬಿನ್ಸನ್ ಆ ಪತ್ರದಲ್ಲಿಲ್ಲ. ಇಬ್ಬರೂ ಒಂದೇ ಗಾಯದಿಂದ ಮಾತಾಡುತ್ತಿದ್ದರು. ಒಬ್ಬರು 1965ರಲ್ಲಿ ಮೂವತ್ತೊಂಬತ್ತನೇ ವಯಸ್ಸಿನಲ್ಲಿ ಹತರಾದರು. ಇನ್ನೊಬ್ಬರು ಏಳು ವರ್ಷ ಹೆಚ್ಚು ಬದುಕಿ, ಕೊನೆಯ ಪುಸ್ತಕದಲ್ಲಿ ಎದುರಾಳಿ ಆಡಿದ್ದ ಮಾತಿಗೆ ಸಾಕಷ್ಟು ಹತ್ತಿರ ಬಂದರು.

ಪುಸ್ತಕದ ಅತ್ಯಂತ ನೋವಿನ ಭಾಗ ಮಗನದು. ಜಾಕಿ ಜೂನಿಯರ್ ವಿಯೆಟ್ನಾಂ ಯುದ್ಧದಲ್ಲಿ ಗಾಯಗೊಂಡು ಮಾದಕ ವ್ಯಸನಿಯಾಗಿ ಮರಳಿದ. ಅದೇ ಯುದ್ಧವನ್ನು ಟೀಕಿಸಿದ್ದಕ್ಕಾಗಿ 1967ರಲ್ಲಿ ರಾಬಿನ್ಸನ್ ಕಿಂಗ್‌ರನ್ನು ಬಹಿರಂಗವಾಗಿ ವಿರೋಧಿಸಿದ್ದರು. ಮಗ ಜೈಲಿನ ಬಾಗಿಲವರೆಗೂ ಹೋಗಿ, ಡೇಟಾಪ್ ಎಂಬ ಪುನರ್ವಸತಿ ಕೇಂದ್ರದಲ್ಲಿ ಚೇತರಿಸಿ, ಅಲ್ಲೇ ಇತರರಿಗೆ ನೆರವಾಗುತ್ತಿದ್ದ. 1971ರ ಜೂನ್ 17ರಂದು ಕಾರು ಅಪಘಾತದಲ್ಲಿ ತೀರಿಕೊಂಡ. ಇಪ್ಪತ್ನಾಲ್ಕು ವರ್ಷ. ದೇಶದ ಮಕ್ಕಳಿಗೆಲ್ಲ ಮಾದರಿಯಾಗಿ ತಿರುಗಾಡುತ್ತಿದ್ದ ತಂದೆಗೆ ಸ್ವಂತ ಮಗನ ಜೊತೆ ಕೂರಲು ಸಮಯ ಇರಲಿಲ್ಲ ಎಂಬುದನ್ನು ರಾಬಿನ್ಸನ್ ಮುಚ್ಚಿಡುವುದಿಲ್ಲ. ಇಲ್ಲಿ ಗದ್ಯ ಸರಳವಾಗುತ್ತದೆ, ಸಮರ್ಥನೆ ನಿಲ್ಲುತ್ತದೆ.

ಮುನ್ನುಡಿಯಲ್ಲೇ ಅವರು 1947ರ ವರ್ಲ್ಡ್ ಸೀರೀಸ್‌ನ ಮೊದಲ ದಿನವನ್ನು ನೆನೆಯುತ್ತಾರೆ. ಬಾವುಟ ಹಾರುತ್ತಿದೆ, ರಾಷ್ಟ್ರಗೀತೆ ನುಡಿಯುತ್ತಿದೆ, ಎದೆ ಉಬ್ಬಿದೆ. ಇಪ್ಪತ್ತೈದು ವರ್ಷಗಳ ನಂತರ ಅದನ್ನು ಬರೆಯುವಾಗ, ಆ ಗೀತೆಗೆ ಎದ್ದು ನಿಂತು ಹಾಡಲು ತನ್ನಿಂದಾಗದು, ಬಾವುಟಕ್ಕೆ ವಂದಿಸಲಾಗದು, ಬಿಳಿಯರ ಲೋಕದಲ್ಲಿ ತಾನೊಬ್ಬ ಕರಿಯ ಎಂಬ ಅರಿವು ತನಗಿದೆ ಎನ್ನುತ್ತಾರೆ. 2016ರಲ್ಲಿ ಫುಟ್‌ಬಾಲ್ ಆಟಗಾರ ಕಾಲಿನ್ ಕ್ಯಾಪರ್ನಿಕ್ ರಾಷ್ಟ್ರಗೀತೆಯ ವೇಳೆ ಮಂಡಿಯೂರಿದಾಗ, ರಾಬಿನ್ಸನ್‌ರನ್ನು ನೋಡಿ ಕಲಿಯಲಿ ಎಂದು ಬುದ್ಧಿ ಹೇಳುವವರಿಗೆ ಈ ಮುನ್ನುಡಿಯನ್ನು ಎತ್ತಿ ತೋರಿಸಬೇಕಾಯಿತು. ಸೇನಾ ಸಮವಸ್ತ್ರ ತೊಟ್ಟಿದ್ದ ಮನುಷ್ಯನ ಮಾತು ಅದು. ಅದನ್ನು ದೇಶದ್ವೇಷವೆಂದು ಓದುವವರಿಗೆ ಪುಸ್ತಕದ ಉಳಿದ ಮುನ್ನೂರು ಪುಟ ಓದುವ ತಾಳ್ಮೆ ಇರುವುದಿಲ್ಲ.

1972ರ ಅಕ್ಟೋಬರ್ 15ರಂದು ಸಿನ್ಸಿನಾಟಿಯಲ್ಲಿ ಅವರ ಪದಾರ್ಪಣೆಯ ಇಪ್ಪತ್ತೈದನೇ ವರ್ಷದ ಗೌರವ. ಮಧುಮೇಹದಿಂದ ಕಣ್ಣು ಹೆಚ್ಚುಕಡಿಮೆ ಹೋಗಿತ್ತು, ಕೂದಲು ನರೆತಿತ್ತು. ಧನ್ಯವಾದ ಹೇಳಿ ಕೂರಬಹುದಿತ್ತು. ಅವರು ಧನ್ಯವಾದ ಹೇಳಿದರು, ಜೊತೆಗೆ, ಮೈದಾನದಂಚಿನಲ್ಲಿ ಒಬ್ಬ ಕರಿಯ ಮ್ಯಾನೇಜರ್‌ನನ್ನು ಕಂಡ ದಿನ ತನಗೆ ಇನ್ನೂ ಸಂತೋಷವಾದೀತು ಎಂದರು. ಒಂಬತ್ತು ದಿನಗಳ ಬಳಿಕ ತೀರಿಕೊಂಡರು. ವಯಸ್ಸು ಐವತ್ತಮೂರು. ಮೊದಲ ಕರಿಯ ಮ್ಯಾನೇಜರ್ ಫ್ರ್ಯಾಂಕ್ ರಾಬಿನ್ಸನ್ ಕ್ಲೀವ್‌ಲ್ಯಾಂಡ್ ತಂಡದೊಂದಿಗೆ ಮೈದಾನಕ್ಕೆ ಬಂದದ್ದು 1975ರಲ್ಲಿ.

1997ರಲ್ಲಿ ಬೇಸ್‌ಬಾಲ್ ಮಂಡಳಿ 42ನೇ ಸಂಖ್ಯೆಯನ್ನು ಎಲ್ಲ ತಂಡಗಳಲ್ಲೂ ನಿವೃತ್ತಿಗೊಳಿಸಿತು. 2009ರಿಂದ ಪ್ರತಿವರ್ಷ ಏಪ್ರಿಲ್ 15ರಂದು ಎಲ್ಲ ಆಟಗಾರರೂ ಅದೇ ಸಂಖ್ಯೆಯ ಅಂಗಿ ತೊಡುತ್ತಾರೆ. ನೋಡಲು ಚಂದ. 2022ರ ವರ್ಲ್ಡ್ ಸೀರೀಸ್ ಫೈನಲ್‌ನಲ್ಲಿ ಫಿಲಡೆಲ್ಫಿಯ ಮತ್ತು ಹ್ಯೂಸ್ಟನ್ ತಂಡಗಳು ಆಡಿದವು. ಹ್ಯೂಸ್ಟನ್‌ನ ಮ್ಯಾನೇಜರ್ ಡಸ್ಟಿ ಬೇಕರ್ ಕರಿಯರು, ರಾಬಿನ್ಸನ್ ಕಾಣಬಯಸಿದ ದೃಶ್ಯವೇ ಅದು. ಆದರೆ ಎರಡೂ ತಂಡಗಳ ಪಟ್ಟಿಯಲ್ಲಿ ಅಮೆರಿಕದಲ್ಲಿ ಹುಟ್ಟಿದ ಒಬ್ಬ ಕರಿಯ ಆಟಗಾರನೂ ಇರಲಿಲ್ಲ. 1950ರ ನಂತರ ಹೀಗಾದದ್ದು ಅದೇ ಮೊದಲು. 2025ರ ಮಾರ್ಚ್‌ನಲ್ಲಿ ಅಮೆರಿಕದ ರಕ್ಷಣಾ ಇಲಾಖೆ, ವೈವಿಧ್ಯದ ಹೆಸರಿನ ಬರಹಗಳನ್ನು ತೆಗೆದುಹಾಕುವ ಭರದಲ್ಲಿ, ರಾಬಿನ್ಸನ್‌ರ ಸೈನಿಕ ಸೇವೆಯ ಕುರಿತ ಪುಟವನ್ನೂ ತನ್ನ ಜಾಲತಾಣದಿಂದ ತೆಗೆಯಿತು. ಗದ್ದಲವಾದ ಮೇಲೆ ಮರಳಿ ಹಾಕಿತು.

ಆ ಸೈನಿಕ ಸೇವೆಯ ಮುಖ್ಯ ಘಟನೆಯನ್ನು ತೆರೆಯ ಮೇಲೆ ಪೂರ್ತಿಯಾಗಿ ನೋಡಬೇಕೆನ್ನುವವರು 1990ರ ಟಿವಿ ಚಿತ್ರ ‘ದಿ ಕೋರ್ಟ್ ಮಾರ್ಷಲ್ ಆಫ್ ಜಾಕಿ ರಾಬಿನ್ಸನ್’ ಹುಡುಕಬೇಕು. ಆಂಡ್ರೆ ಬ್ರಾಫರ್ ನಾಯಕ. ತಾಯಿ ಮ್ಯಾಲಿಯ ಪಾತ್ರದಲ್ಲಿ ರೂಬಿ ಡೀ ಇದ್ದಾರೆ. 1950ರ ಚಿತ್ರದಲ್ಲಿ ರಾಬಿನ್ಸನ್‌ರ ಪಕ್ಕದಲ್ಲೇ ನಿಂತು ಅವರ ಪತ್ನಿ ರೇಚಲ್‌ರ ಪಾತ್ರ ಮಾಡಿದ್ದವರೂ ಇದೇ ರೂಬಿ ಡೀ.